ವೈಸ್ ಬಿಗಿ, ಜಾಬ್ ಸಡಿಲ: ಭೋಸರಿಯ ಒಂದು ಮಿಲ್ಲಿಂಗ್ ಅಪಘಾತದ ಪ್ರಕರಣ ಅಧ್ಯಯನ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮೆಷಿನ್ ಶಾಪ್. ಮೂರು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್), ಎರಡು ಲೇತ್, ಒಂದು ಬ್ಯಾಂಡ್‌ಸಾ (ಪಟ್ಟಿ ಗರಗಸ). ಚಾಕಣ ಭಾಗದ ವಾಹನ ಬಿಡಿಭಾಗಗಳ ಕಂಪನಿಗಳಿಗೆ ಜಾಬ್‌ವರ್ಕ್ ಮಾಡಿಕೊಡುತ್ತದೆ. ಎರಡು ಪಾಳಿ ಸೇರಿ ಹದಿನಾಲ್ಕು ಜನ. ಅವರಲ್ಲಿ ಅರ್ಧದಷ್ಟು ಮಂದಿ ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರು, ಉಳಿದವರು ಮರಾಠವಾಡಾ ಮತ್ತು ಬಿಹಾರದವರು. ಇಲ್ಲಿ ವೈಸ್‌ನಲ್ಲಿ (ಎರಡು ದವಡೆಗಳ ನಡುವೆ ತುಂಡನ್ನು ಬಿಗಿಹಿಡಿಯುವ ಸಾಧನ) ಹಿಡಿದಿದ್ದ ಜಾಬ್, ಅಂದರೆ ಕೊರೆಯಬೇಕಾದ ತುಂಡು, ಕಟರ್ ಅಡಿಯಿಂದ ಹಾರಿ ಒಬ್ಬ ಆಪರೇಟರ್‌ನ ಎಡಗೈಯ ಎರಡು ಬೆರಳು ಮುರಿದವು. ಅಂದು ವೈಸ್ ಬಿಗಿಯಾಗಿಯೇ ಇತ್ತು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಜಾಬ್ ಮತ್ತು ಸೆಟಪ್

ಕಚ್ಚಾಮಾಲು 50×40 ಅಳತೆಯ ಇಎನ್-8 (ಮಧ್ಯಮ ಕಾರ್ಬನ್ ಉಕ್ಕು) ಕಪ್ಪು ಪಟ್ಟಿ, ಅಂದರೆ ಬಿಸಿಯಲ್ಲಿ ರೋಲ್ ಮಾಡಿದ, ಮೇಲೆ ಸ್ಕೇಲ್ (ಕಪ್ಪು ಆಕ್ಸೈಡ್ ಪದರ) ಹಾಗೇ ಇರುವ ಪಟ್ಟಿ. ಅದನ್ನು ಬ್ಯಾಂಡ್‌ಸಾದಲ್ಲಿ 60 ಮಿ.ಮೀ. ಉದ್ದಕ್ಕೆ ಕೊಯ್ದು, 40 ಮಿ.ಮೀ. ಎತ್ತರವನ್ನು ಎರಡೂ ಬದಿ ಫೇಸ್ ಮಾಡಿ, ಅಂದರೆ ಮೈಯನ್ನು ಸಪಾಟಾಗಿ ಕೊರೆದು, 36ಕ್ಕೆ ಇಳಿಸಬೇಕು. ಒಟ್ಟು 200 ಜಾಬ್. ಆರು ಮೀಟರ್‌ನ ಒಂದು ಪಟ್ಟಿಯಿಂದ, ಕೊಯ್ತದಲ್ಲಿ ಹೋಗುವುದನ್ನು ಕಳೆದರೆ, 96 ತುಂಡು ಬರುತ್ತವೆ.

ಮೆಷಿನ್ ಮೇಲೆ 150 ಮಿ.ಮೀ. ಜಾ (ದವಡೆ) ಇರುವ ಸಾಮಾನ್ಯ ವೈಸ್. ಸ್ಥಿರ ಜಾ ಹಿಂದೆ, ಚಲಿಸುವ ಜಾ ಆಪರೇಟರ್ ಕಡೆ. ಒಂದು ಸಲಕ್ಕೆ ಎರಡು ತುಂಡುಗಳನ್ನು ಪಕ್ಕಪಕ್ಕ, ನಡುವೆ 15 ಮಿ.ಮೀ. ಬಿಟ್ಟು, 50 ಮಿ.ಮೀ. ಅಗಲದ ಮೇಲೆ ಹಿಡಿಯುತ್ತಿದ್ದರು. ಎರಡರ ಅಡಿಯಲ್ಲೂ ಹಾಯುವ 150 ಮಿ.ಮೀ. ಉದ್ದದ ಒಂದೇ ಜೊತೆ ಪ್ಯಾರಲಲ್, ಅಂದರೆ ಜಾಬ್ ಕೂರಿಸುವ ಸಮ ಎತ್ತರದ ಉಕ್ಕಿನ ಪಟ್ಟಿಗಳು. ಜಾ ಒಳಗೆ ಹಿಡಿತ 20 ಮಿ.ಮೀ., ಜಾ ಮೇಲೆ 20 ಮಿ.ಮೀ. ಈ ಜಾಬಿಗೆ ಇದು ಧಾರಾಳವಾದ ಹಿಡಿತ. ಎಷ್ಟೋ ಕಡೆ ಮೂರ್ನಾಲ್ಕು ಮಿಲಿಮೀಟರ್ ಹಿಡಿದು ಕಟರ್ ಬಿಡುತ್ತಾರೆ, ಜಾಬ್ ಹಾರುತ್ತದೆ. ಇಲ್ಲಿ ಆ ತಪ್ಪು ಆಗಿರಲಿಲ್ಲ.

ಕಟರ್ 63 ಮಿ.ಮೀ. ಫೇಸ್ ಮಿಲ್, ಐದು ಇನ್ಸರ್ಟ್ (ಬದಲಿಸಬಹುದಾದ ಕೊರೆಯುವ ಹಲ್ಲು). ವೇಗ 750 ಆರ್‌ಪಿಎಂ, ಫೀಡ್ ನಿಮಿಷಕ್ಕೆ 560 ಮಿ.ಮೀ., ಆಳ 2 ಮಿ.ಮೀ. ಎಡದಿಂದ ಬಲಕ್ಕೆ ಒಂದೇ ಪಾಸ್. ಮೊದಲ ಪಟ್ಟಿಯ 96 ತುಂಡುಗಳು 48 ಲೋಡಿಂಗ್‌ನಲ್ಲಿ ಯಾವ ತಕರಾರೂ ಇಲ್ಲದೆ ಮುಗಿದಿದ್ದವು. ಎರಡನೇ ಪಟ್ಟಿಯ ಕೆಲವು ತುಂಡುಗಳು ಬ್ಯಾಂಡ್‌ಸಾ ಪಕ್ಕದ ಟ್ರೇಯಲ್ಲಿ ಇನ್ನೂ ಉಳಿದಿದ್ದವು.

ಅಪಘಾತ

ಬುಧವಾರದ ಎರಡನೇ ಪಾಳಿ. ಗುರುವಾರ ಎಂಐಡಿಸಿಯ ವಾರದ ರಜೆ, ಶುಕ್ರವಾರ ಬೆಳಿಗ್ಗೆ ಮಾಲು ಹೋಗಬೇಕು. ಹಾಗಾಗಿ ಉಳಿದ ಕೆಲಸ ಅಂದೇ ರಾತ್ರಿ ಮುಗಿಯಬೇಕಿತ್ತು.

ಮಧ್ಯಾಹ್ನ ಪಟ್ಟಿ ಕೊಯ್ಯುವಾತ ಮೊದಲ ಪಾಳಿಯ ಸೂಪರ್‌ವೈಸರ್‌ಗೆ, "ಅಣ್ಣಾರ, ಹಳೀ ಪಟ್ಟಿ ಮುಗೀತು, ಹೊಸಾದು ಹಚ್ಚೀನಿ. ಅದ ಟ್ರೇದಾಗ ಹಾಕ್ಲಿಕ್ಕತ್ತೀನಿ" ಎಂದು ಹೇಳಿದ್ದ. ಸೂಪರ್‌ವೈಸರ್ ತಲೆಯಾಡಿಸಿದ್ದರು. ಎರಡನೇ ಪಾಳಿಯ ಆಪರೇಟರ್‌ಗೆ ಈ ಮಾತು ತಲುಪಲಿಲ್ಲ. ತಲುಪಿದ್ದರೂ ಅದರಲ್ಲಿ ಅಪಾಯದ ಸುದ್ದಿಯಿದೆ ಎಂದು ಆಗ ಆ ಶಾಪ್‌ನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

ಆಪರೇಟರ್ ಟ್ರೇಯಿಂದ ಎರಡು ತುಂಡು ಎತ್ತಿಕೊಂಡ. ಎಡಗಡೆಯದು ಹಳೇ ಪಟ್ಟಿಯದು, ಬಲಗಡೆಯದು ಹೊಸದರದ್ದು. ಹ್ಯಾಂಡಲ್ ಎರಡೂ ಕೈಯಿಂದ ಎಳೆದು ಬಿಗಿ ಮಾಡಿದ, ನೈಲಾನ್ ಸುತ್ತಿಗೆಯಿಂದ ಎರಡೂ ತುಂಡುಗಳ ಮೇಲೆ ತಟ್ಟಿದ, ಪ್ಯಾರಲಲ್ ಅಲುಗಾಡಿಸಿ ನೋಡಿದ. ಅಲುಗಲಿಲ್ಲ. ಸೈಕಲ್ ಸ್ಟಾರ್ಟ್ ಕೊಟ್ಟ. ಕೂಲಂಟ್ (ಕಟರ್ ತಣಿಸುವ ದ್ರವ) ನಳಿಕೆ ಪಕ್ಕಕ್ಕೆ ತಿರುಗಿದ್ದರಿಂದ ಬಾಗಿಲನ್ನು ಗೇಣುದ್ದ ತೆರೆದು, ಎಡಗೈಯನ್ನು ಬಾಗಿಲಿನ ಅಂಚಿನ ಮೇಲಿಟ್ಟು, ಬಲಗೈಯ ಕೊಕ್ಕೆ ಸರಳಿನಿಂದ ನಳಿಕೆ ಸರಿಮಾಡುತ್ತಿದ್ದ. ಬಾಗಿಲು ತೆರೆದರೆ ಮೆಷಿನ್ ನಿಲ್ಲಿಸುವ ಇಂಟರ್‌ಲಾಕ್ ಸ್ವಿಚ್‌ನಲ್ಲಿ ಸ್ಪೇರ್ ಕೀ ಮೊದಲಿನಿಂದಲೂ ಸಿಕ್ಕಿಸಿಯೇ ಇತ್ತು, ಹಾಗಾಗಿ ಬಾಗಿಲು ತೆರೆದರೂ ಮೆಷಿನ್ ಓಡುತ್ತಿತ್ತು.

ಕಟರ್ ಎಡದ ತುಂಡಿನ ಮೇಲೆ ಸಲೀಸಾಗಿ ಹಾಯಿತು. ಬಲದ ತುಂಡಿನೊಳಗೆ ಹದಿನೈದು ಮಿಲಿಮೀಟರ್‌ನಷ್ಟು ಹೋಗುವಷ್ಟರಲ್ಲಿ ಅದು ಓರೆಯಾಗಿ ಎದ್ದಿತು, ಮೂರು ಇನ್ಸರ್ಟ್ ಒಡೆದವು, ತುಂಡು ಆಪರೇಟರ್ ಕಡೆ ಹಾರಿ ಬಾಗಿಲಿನ ಅಂಚಿಗೆ ಬಡಿಯಿತು. ಅಂಚಿಗೂ ತುಂಡಿಗೂ ನಡುವೆ ಸಿಕ್ಕಿದ ನಡುಬೆರಳು ಮತ್ತು ಉಂಗುರಬೆರಳಿನ ಮೂಳೆಗಳು ಮುರಿದವು.

60×50×40 ಉಕ್ಕಿನ ತುಂಡು ತೂಗುವುದು 940 ಗ್ರಾಂ. ಕಟರ್ ಅಂಚಿನ ವೇಗ ನಿಮಿಷಕ್ಕೆ ಸುಮಾರು 150 ಮೀಟರ್, ಅಂದರೆ ಸೆಕೆಂಡಿಗೆ ಎರಡೂವರೆ ಮೀಟರ್. ಕೇಳಲು ಇದು ದೊಡ್ಡ ವೇಗವಲ್ಲ, ಬಾಗಿಲು ಮುಚ್ಚಿದ್ದರೆ ಗಾಜಿಗೂ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಕಿಲೋ ಉಕ್ಕು ಆ ವೇಗದಲ್ಲಿ ಬಂದು ಬೆರಳನ್ನು ಕಬ್ಬಿಣದ ಅಂಚಿಗೆ ಒತ್ತಿದರೆ ಮೂಳೆ ತಡೆಯುವುದಿಲ್ಲ.

ಪಕ್ಕದ ಮೆಷಿನ್‌ನವನು ಎಮರ್ಜೆನ್ಸಿ ಬಟನ್ ಒತ್ತಿದ. ಬಾವು ಏರುವ ಮೊದಲೇ ಉಂಗುರ ಬಿಚ್ಚಿಸಿದ್ದು ಒಳ್ಳೆಯ ಕೆಲಸ. ತಡವಾಗಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತಿತ್ತು, ರಕ್ತ ಓಡಾಟವೂ ನಿಲ್ಲಬಹುದಿತ್ತು. ಬೆರಳುಗಳನ್ನು ಎಳೆದು ನೇರಮಾಡಲು ಹೋಗದೆ, ಇದ್ದ ಹಾಗೇ ರಟ್ಟಿನ ಪಟ್ಟಿಯ ಮೇಲೆ ಸಡಿಲವಾಗಿ ಕಟ್ಟಿ, ಕೈ ಎದೆಮಟ್ಟಕ್ಕೆ ಎತ್ತಿಸಿ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದರು. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಗೆ ಇಎಸ್‌ಐ ಅನ್ವಯಿಸುತ್ತದೆ. ಅಪಘಾತ ವರದಿಯನ್ನು ಮಾಲೀಕರು ಕೂಡಲೇ ಸಲ್ಲಿಸಿದರೆ ಮಾತ್ರ ಕೆಲಸವಿಲ್ಲದ ದಿನಗಳ ಹಣ ತಕರಾರಿಲ್ಲದೆ ಬರುತ್ತದೆ. ಊರಿಂದ ದೂರವಿರುವ ಹುಡುಗರಿಗೆ ಇದನ್ನು ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕು.

"ಬಿಗಿ ಮಾಡಿರಲಿಲ್ಲ" ಎಂಬ ವಿವರಣೆ

ಆ ರಾತ್ರಿಯೇ ಶಾಪ್‌ನಲ್ಲಿ ಹುಟ್ಟಿದ ತೀರ್ಮಾನ ಇದು: ಆಪರೇಟರ್ ವೈಸ್ ಸರಿಯಾಗಿ ಬಿಗಿ ಮಾಡಿಲ್ಲ, ಅವಸರ ಮಾಡಿದ. ಇಂಥ ತೀರ್ಮಾನಕ್ಕೆ ಖರ್ಚಿಲ್ಲ, ಆದ್ದರಿಂದಲೇ ಅದು ಎಲ್ಲ ಕಡೆ ಮೊದಲು ಬರುತ್ತದೆ. ಮುಂದಿನ ಹೆಜ್ಜೆಯೂ ಗೊತ್ತಿದ್ದದ್ದೇ: "ಇನ್ನು ಮೇಲೆ ಪೈಪ್ ಹಾಕಿ ಬಿಗಿ ಮಾಡ್ರಿ."

ಆದರೆ ಎಡದ ತುಂಡು ವೈಸ್‌ನಲ್ಲೇ ಇತ್ತು, ಎರಡು ಮಿಲಿಮೀಟರ್ ಕಟ್ ಪೂರ್ತಿ ತಡೆದುಕೊಂಡು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅದನ್ನು ಬಿಡಿಸಲು ಹ್ಯಾಂಡಲ್‌ಗೆ ಎರಡೂ ಕೈ ಬೇಕಾದವು. ಒಂದೇ ಸ್ಕ್ರೂ, ಒಂದೇ ಜಾ, ಒಂದೇ ಎಳೆತ. ಒಂದು ತುಂಡು ಕದಲಲಿಲ್ಲ, ಇನ್ನೊಂದು ಹಾರಿತು. ಪ್ರಶ್ನೆ ಹ್ಯಾಂಡಲ್‌ನದಲ್ಲ ಎನ್ನಲು ಇಷ್ಟೇ ಸಾಕು.

ತುಂಡುಗಳ ಮೇಲಿನ ಗುರುತು

ಮೆಷಿನ್ ಮುಟ್ಟುವ ಮೊದಲು ಎರಡೂ ತುಂಡುಗಳನ್ನು ಬೇರೆಯಿಟ್ಟದ್ದರಿಂದ ಉಳಿದ ತನಿಖೆ ಸಾಧ್ಯವಾಯಿತು. ಅಪಘಾತವಾದ ಕೂಡಲೇ ಜಾಬ್ ಸ್ಕ್ರ್ಯಾಪ್‌ಗೆ ಎಸೆದು, ಇನ್ಸರ್ಟ್ ಬದಲಿಸಿ, ಮೆಷಿನ್ ಓಡಿಸಿಬಿಟ್ಟರೆ ಕಾರಣವೂ ಅದರ ಜೊತೆಗೇ ಹೋಗುತ್ತದೆ.

ಕಪ್ಪು ಸ್ಕೇಲ್ ಇರುವ ಮೈ ಈ ವಿಷಯದಲ್ಲಿ ಬಹಳ ಉಪಕಾರಿ. ಜಾ ಒತ್ತಿದ ಕಡೆಯೆಲ್ಲ ಸ್ಕೇಲ್ ಪುಡಿಯಾಗಿ ಹೊಳೆಯುವ ಗುರುತು ಬೀಳುತ್ತದೆ. ಎಡದ ತುಂಡಿನಲ್ಲಿ ಸ್ಥಿರ ಜಾ ಕಡೆ ಹೊಳಪು ಪೂರ್ತಿ ಹರಡಿತ್ತು, ಚಲಿಸುವ ಜಾ ಕಡೆ ನಡುವಿನತ್ತಣ ಅಂಚಿಗೆ ಗಾಢವಾಗಿತ್ತು. ಹಾರಿದ ತುಂಡಿನಲ್ಲಿ ಚಲಿಸುವ ಜಾ ಕಡೆ ಹೊಳಪಿದ್ದದ್ದು ಒಂದೇ ಅಂಚಿನಲ್ಲಿ, ಒಂದು ಮಿಲಿಮೀಟರ್ ಅಗಲದ ಗೆರೆಯಷ್ಟು. ಉಳಿದ ಮೈಯ ಸ್ಕೇಲ್ ಹಾಗೇ ಕಪ್ಪಗಿತ್ತು. ಜಾ ಅದನ್ನು ಮುಟ್ಟಿಯೇ ಇರಲಿಲ್ಲ.

ಅಗಲ ಅಳೆದಾಗ ಎಡದ್ದು 50.6, ಬಲದ್ದು 50.2 ಮಿ.ಮೀ. ಎರಡು ಬೇರೆ ಬೇರೆ ಪಟ್ಟಿಗಳ ನಡುವೆ ಅರ್ಧ ಮಿಲಿಮೀಟರ್ ಆಚೀಚೆ ಇರುವುದು ಕಪ್ಪು ಮಾಲಿನಲ್ಲಿ ತೀರ ಸಾಮಾನ್ಯ, ಅದು ದೋಷವೂ ಅಲ್ಲ. ಒಂದೇ ಪಟ್ಟಿಯ ತುಂಡುಗಳು ಮಾತ್ರ ಪರಸ್ಪರ ಹೊಂದುತ್ತವೆ. ಮೊದಲ 48 ಲೋಡಿಂಗ್ ಸರಾಗವಾಗಿ ನಡೆದದ್ದು ಈ ಕಾರಣಕ್ಕೆ. ವಿಧಾನ ಸುರಕ್ಷಿತವಾಗಿತ್ತು ಎಂದಲ್ಲ, ಮಾಲು ಒಂದೇ ಪಟ್ಟಿಯದಾಗಿತ್ತು.

ಚಲಿಸುವ ಜಾ ಸ್ವಲ್ಪ ಓರೆಯಾಗಿ ತಿರುಗಿ ಸಣ್ಣ ತುಂಡನ್ನೂ ಹಿಡಿಯುತ್ತದೆ ಎಂಬ ನಂಬಿಕೆ ಹಲವರಿಗಿದೆ. ಡಯಲ್ (ಸೂಕ್ಷ್ಮ ಸರಿತ ಅಳೆಯುವ ಗೇಜ್) ಇಟ್ಟು ನೋಡಿದಾಗ ಈ ಹಳೆಯ ವೈಸ್‌ನ ಸವೆದ ಗೈಡ್‌ನಲ್ಲಿ ಆಟ 0.1 ಮಿ.ಮೀ. ಮಾತ್ರ. ಬೇಕಿದ್ದದ್ದು 0.4. ಅದೇ ತುಂಡುಗಳನ್ನು ಸ್ಪಿಂಡಲ್ ನಿಲ್ಲಿಸಿ ಮತ್ತೆ ಕಟ್ಟಿದಾಗ, ಬಲದ ತುಂಡಿಗೂ ಜಾಗೂ ನಡುವೆ 0.2ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಸರಾಗವಾಗಿ ಇಳಿಯಿತು.

ಹಾಗಿದ್ದರೆ ಆ ತುಂಡು ಕೈಗೆ ಸಡಿಲ ಎನಿಸಲಿಲ್ಲ ಏಕೆ? ಇಲ್ಲಿ ಎರಡು ಸಂಗತಿ ಸೇರಿವೆ, ಎರಡೂ ಎಲ್ಲ ಶಾಪ್‌ಗಳಲ್ಲಿ ಇವೆ.

ಒಂದು, ಬರ್. ಬ್ಯಾಂಡ್‌ಸಾ ಬ್ಲೇಡ್ ಹೊರಬೀಳುವ ಕಡೆ ಅಂಚಿನಲ್ಲಿ ಬರ್, ಅಂದರೆ ತೆಳು ಲೋಹದ ಸಿಬಿರು, ಏಳುತ್ತದೆ. ಇಲ್ಲಿ ಅದು ಹಿಡಿಯುವ ಮೈಯ ಕಡೆಗೇ ಬಾಗಿತ್ತು. ಉಳಿದಿದ್ದ 0.3 ಮಿ.ಮೀ. ಸಂದನ್ನು ಈ ಬರ್ ತುಂಬಿಕೊಂಡು ತುಂಡನ್ನು ಜಾಗೆ ಆನಿಸಿತ್ತು. ಕೈಯಿಂದ ಅಲುಗಾಡಿಸಿದರೂ ಸುತ್ತಿಗೆಯಿಂದ ತಟ್ಟಿದರೂ ಕದಲದಷ್ಟು ಗಟ್ಟಿ, ಕಟರ್‌ನ ಹೊಡೆತಕ್ಕೆ ಕ್ಷಣದಲ್ಲಿ ಚಪ್ಪಟೆಯಾಗುವಷ್ಟು ಮೆದು. ಆ ಒಂದು ಮಿಲಿಮೀಟರ್ ಗೆರೆ ಅದರ ಗುರುತು.

ಎರಡು, ಪ್ಯಾರಲಲ್. ಜಾಬ್ ತಳಕ್ಕೆ ಕೂತಿದೆಯೇ ಎಂದು ತಿಳಿಯಲು ಪ್ಯಾರಲಲ್ ಅಲುಗಾಡಿಸುವುದು ಸರಿಯಾದ ಪರೀಕ್ಷೆ, ಆಪರೇಟರ್ ಅದನ್ನು ಮಾಡಿದ. ಆದರೆ ಎರಡೂ ತುಂಡುಗಳ ಅಡಿಯಲ್ಲಿ ಹಾಯುವ ಉದ್ದನೆಯ ಪ್ಯಾರಲಲ್ ಅನ್ನು ಎಡದ ತುಂಡೊಂದೇ ಒತ್ತಿ ಹಿಡಿದಿತ್ತು. ಬಲ ತುದಿ ಹಿಡಿದು ಎಳೆದರೂ ಅದು ಬರುವುದಿಲ್ಲ. ಪರೀಕ್ಷೆ ಎಡದ ತುಂಡಿನ ಬಗ್ಗೆ ಉತ್ತರ ಕೊಟ್ಟಿತು, ಕೇಳಿದವನು ಅದನ್ನು ಎರಡಕ್ಕೂ ಅನ್ವಯಿಸಿಕೊಂಡ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗೆ ತಲುಪಬೇಕಾದ ಅಂಶ ಇದು. ನಿಯಮ ಪಾಲಿಸಿದ ಆಪರೇಟರ್‌ಗೇ ಸೆಟಪ್ ತಪ್ಪು ಉತ್ತರ ಕೊಟ್ಟಿತು.

ಬಲದ ಲೆಕ್ಕ

ಮಧ್ಯಮ ಕಾರ್ಬನ್ ಉಕ್ಕಿಗೆ ಒಂದು ಚದರ ಮಿಲಿಮೀಟರ್ ಚಿಪ್ ಕತ್ತರಿಸಲು ಸುಮಾರು 2000 ನ್ಯೂಟನ್ ಬೇಕು ಎಂದು ಹಿಡಿಯಬಹುದು. 750 ಆರ್‌ಪಿಎಂ, ಐದು ಇನ್ಸರ್ಟ್, 560 ಫೀಡ್ ಎಂದರೆ ಒಂದೊಂದು ಇನ್ಸರ್ಟ್‌ಗೆ 0.15 ಮಿ.ಮೀ. ಆಳ 2 ಮಿ.ಮೀ. ಆದ್ದರಿಂದ ಚಿಪ್‌ನ ಅಡ್ಡಕೊಯ್ತ 0.3 ಚದರ ಮಿ.ಮೀ., ಬಲ 600 ನ್ಯೂಟನ್. 63ರ ಕಟರ್ 50 ಅಗಲದಲ್ಲಿ ಹಾಯುವಾಗ ಒಮ್ಮೆಗೆ ಒಂದೋ ಎರಡೋ ಇನ್ಸರ್ಟ್ ಕಟ್‌ನಲ್ಲಿರುತ್ತವೆ. ಹೆಚ್ಚೆಂದರೆ 1200 ನ್ಯೂಟನ್, ಅಂದರೆ 120 ಕಿಲೋ ತೂಕದಷ್ಟು ತಳ್ಳು. ಇನ್ಸರ್ಟ್ ಮೊಂಡಾದರೆ ಇದು ಇನ್ನೂ ಏರುತ್ತದೆ.

ಈಗ ವೈಸ್. 250 ಮಿ.ಮೀ. ಹ್ಯಾಂಡಲ್ ತುದಿಯಲ್ಲಿ 32 ಕಿಲೋದಷ್ಟು ಎಳೆದರೆ 80 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ). ಸ್ಕ್ರೂ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ, 5 ಮಿ.ಮೀ. ಘರ್ಷಣೆಯೇ ಇಲ್ಲದಿದ್ದರೆ ಇದರಿಂದ ಒಂದು ಲಕ್ಷ ನ್ಯೂಟನ್ ಹುಟ್ಟಬೇಕು. ನಿಜದಲ್ಲಿ ಸ್ಕ್ರೂ ಮತ್ತು ಕಾಲರ್‌ನ ಘರ್ಷಣೆ ಬಹುಪಾಲನ್ನು ನುಂಗುತ್ತದೆ, ಗ್ರೀಸ್ ಇರುವ ಒಳ್ಳೆಯ ವೈಸ್‌ನಲ್ಲಿ ಐದರಲ್ಲೊಂದು ಪಾಲು, 20,000 ನ್ಯೂಟನ್ ಜಾಬಿಗೆ ಸಿಗುತ್ತದೆ. ಉಕ್ಕಿನ ಮೇಲೆ ಉಕ್ಕು, ಕೂಲಂಟ್ ತೇವ: ಘರ್ಷಣೆಯ ಗುಣಾಂಕ 0.15. ಎರಡೂ ಜಾ ಸೇರಿ 6000 ನ್ಯೂಟನ್ ತಡೆ. ಎರಡು ತುಂಡುಗಳಿಗೆ ಸಮ ಹಂಚಿದರೆ ತಲಾ 3000, ಕಟ್ಟಿಂಗ್ ಬಲದ ಎರಡೂವರೆ ಪಟ್ಟು. ಕಾಗದದ ಮೇಲೆ ಸಾಕು.

ಆದರೆ ಈ ವೈಸ್‌ನ ಸ್ಕ್ರೂ ಒಣಗಿ, ನಟ್‌ನೊಳಗೆ ಸಣ್ಣ ಚಿಪ್ ಸೇರಿತ್ತು. ಅದನ್ನು ಪತ್ತೆಹಚ್ಚಿದ ರೀತಿ ಯಾವ ಶಾಪ್‌ನಲ್ಲೂ ಮಾಡುವಂಥದ್ದು. ಸ್ಥಿರ ಜಾ ಬೆನ್ನಿಗೆ ಮ್ಯಾಗ್ನೆಟಿಕ್ ಸ್ಟ್ಯಾಂಡ್‌ನ ಡಯಲ್ ತಾಗಿಸಿ, ನಡುವೆ ಗ್ರೈಂಡ್ ಮಾಡಿದ ಒಂದು ಬ್ಲಾಕ್ ಹಿಡಿದು, ಟಾರ್ಕ್ ರೆಂಚ್‌ನಿಂದ 80ಕ್ಕೆ ಬಿಗಿ ಮಾಡಿದರು. ಜಾ ಹಿಂದಕ್ಕೆ ಬಾಗಿದ್ದು 0.015 ಮಿ.ಮೀ. ಸ್ಕ್ರೂ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಅದೇ 80ಕ್ಕೆ ಬಿಗಿ ಮಾಡಿದಾಗ 0.03. ಬಾಗು ಇಮ್ಮಡಿಯಾಯಿತು ಎಂದರೆ ಬಲವೂ ಇಮ್ಮಡಿಯಾಯಿತು. ಅಂದರೆ ಅಪಘಾತದ ಹೊತ್ತಿಗೆ ಸಿಗುತ್ತಿದ್ದದ್ದು ಸುಮಾರು 10,000 ನ್ಯೂಟನ್ ಮಾತ್ರ. ಸಮ ಹಂಚಿದರೂ ತಲಾ 1500 ತಡೆ, ಕಟ್ಟಿಂಗ್ ಬಲ 1200. ಅಂಚಿನ ಮೇಲಿನ ನಡಿಗೆ. ಬರ್ ಮೂಲಕ ಬಲದ ತುಂಡಿಗೆ ತಲುಪಿದ್ದು ಆ 10,000 ನ್ಯೂಟನ್‌ನ ಹತ್ತನೇ ಒಂದು ಪಾಲು ಎಂದುಕೊಂಡರೂ ತಡೆ 300 ನ್ಯೂಟನ್. ಹ್ಯಾಂಡಲ್ ಎಳೆದವನ ಕೈಗೆ ಮಾತ್ರ ಮೂರೂ ಸಂದರ್ಭದಲ್ಲಿ ಅಷ್ಟೇ ಬಿಗಿ ತಿಳಿಯುತ್ತದೆ.

ಪೈಪ್ ಹಾಕುವ ಸಲಹೆ ಏಕೆ ಕೆಟ್ಟದ್ದು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. 600 ಮಿ.ಮೀ. ಪೈಪ್ ಸಿಕ್ಕಿಸಿ ಅಷ್ಟೇ ಎಳೆದರೆ ಟಾರ್ಕ್ 190 ದಾಟುತ್ತದೆ. ಹೆಚ್ಚಿದ ಬಲವೆಲ್ಲ ದೊಡ್ಡ ತುಂಡಿಗೇ ಹೋಗುತ್ತದೆ, ಸಣ್ಣದಕ್ಕೆ ಏನೂ ಸಿಗುವುದಿಲ್ಲ. ಸ್ಥಿರ ಜಾ ಹಿಂದಕ್ಕೆ ಬಾಗಿ ಜಾಬ್ ಪ್ಯಾರಲಲ್‌ನಿಂದ ಮೇಲೇಳುತ್ತದೆ, ಸ್ಕ್ರೂ ಮತ್ತು ನಟ್‌ನ ಥ್ರೆಡ್ ಸವೆಯುತ್ತವೆ, ಎರಕದ ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕು ಶುರುವಾಗುತ್ತದೆ. ಪೈಪ್ ಜಾರಿದರೆ ಮುಷ್ಟಿ ನೇರ ಟೇಬಲ್‌ಗೆ. ಹ್ಯಾಂಡಲ್ ಮೇಲೆ ಸುತ್ತಿಗೆ ಹೊಡೆಯುವುದೂ ಇದೇ ಸಾಲಿಗೆ ಸೇರುತ್ತದೆ.

ತುಂಡು ಆಪರೇಟರ್ ಕಡೆಗೇ ಬಂದದ್ದೇಕೆ

ಸ್ಪಿಂಡಲ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಕಟರ್ ಎಡದಿಂದ ಬಲಕ್ಕೆ ಸಾಗುವಾಗ ಅದರ ಮುಂದಿನ, ಅಂದರೆ ಬಲಗಡೆಯ ಇನ್ಸರ್ಟ್‌ಗಳು ಆಪರೇಟರ್ ಕಡೆಗೆ ಚಲಿಸುತ್ತಿರುತ್ತವೆ. ಜಾಬನ್ನು ಅವು ತಳ್ಳುವುದೂ ಅತ್ತಲೇ, ಚಲಿಸುವ ಜಾ ಕಡೆಗೆ. ಇಲ್ಲಿ ಸಂದು ಇದ್ದದ್ದೂ ಅಲ್ಲೇ. ಅದೇ ಪಾಸನ್ನು ಬಲದಿಂದ ಎಡಕ್ಕೆ ಕೊಟ್ಟಿದ್ದರೆ ತಳ್ಳು ಸ್ಥಿರ ಜಾ ಕಡೆಗೆ, ಹಿಂದಕ್ಕೆ ಹೋಗುತ್ತಿತ್ತು. ಸಡಿಲವಾದ ಜಾಬನ್ನು ಇದು ಕಾಪಾಡುತ್ತದೆ ಎಂದು ಯಾರೂ ಭಾವಿಸಬಾರದು. ಆದರೂ ಪ್ರೋಗ್ರಾಂನಲ್ಲಿ ಎರಡು ಸಾಲು ಬದಲಿಸುವ ಈ ಕೆಲಸದಿಂದ ಭಾರ ಗಟ್ಟಿ ಜಾ ಮೇಲೆ ಬೀಳುತ್ತದೆ, ಹಾರಿದರೂ ದಿಕ್ಕು ಮನುಷ್ಯನಿರುವ ಕಡೆಯಲ್ಲ. ಸ್ಥಿರ ಜಾ ಹಿಂದೆ ಇರುವ ಯಾವುದೇ ಸೆಟಪ್‌ನಲ್ಲಿ ಭಾರೀ ಫೇಸಿಂಗ್ ಪಾಸ್ ಹೀಗೇ ಇರಲಿ.

ಬಾಗಿಲಿನ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಇಂಟರ್‌ಲಾಕ್‌ನ ಸ್ಪೇರ್ ಕೀಯನ್ನು ಮಾಲೀಕರು ತೆಗೆದು ತಮ್ಮ ಬೀಗದೊಳಗಿಟ್ಟರು. ಅದರೊಂದಿಗೆ ಕೀ ಸಿಕ್ಕಿಸಲು ಕಾರಣವಾಗಿದ್ದ ಕೂಲಂಟ್ ನಳಿಕೆಯನ್ನೂ ಸರಿಪಡಿಸಿದರು. ಸಡಿಲಾಗಿದ್ದ ಪ್ಲಾಸ್ಟಿಕ್ ಗಂಟುಗಳ ಬದಲು ತಾಮ್ರದ ನಳಿಕೆ, ಟೂಲ್ ಸೆಟ್ ಮಾಡುವಾಗಲೇ ಗುರಿ ಹೊಂದಿಸುವುದು. ನಳಿಕೆ ಹಾಗೇ ಬಿಟ್ಟು ಕೀ ಮಾತ್ರ ತೆಗೆದಿದ್ದರೆ ಯಾರಾದರೂ ಇನ್ನೊಂದು ಕೀ ಮಾಡಿಕೊಳ್ಳುತ್ತಿದ್ದರು.

ಸರಿಪಡಿಸಿದ ಬಗೆ

ಉಳಿದ ಜಾಬ್‌ಗಳನ್ನು ಒಂದೊಂದಾಗಿ, ವೈಸ್‌ನ ನಟ್ಟನಡುವೆ ಹಿಡಿದು ಮುಗಿಸಿದರು. ಇದರಿಂದ ಆದ ನಷ್ಟ ಎಷ್ಟೆಂದು ಲೆಕ್ಕ ಹಾಕಿದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಒಂದು ತುಂಡಿಗೆ ಕಟರ್ 130 ಮಿ.ಮೀ. ಸಾಗಬೇಕು, 14 ಸೆಕೆಂಡ್. ಎರಡಕ್ಕೆ 205 ಮಿ.ಮೀ., 22 ಸೆಕೆಂಡ್. ಲೋಡಿಂಗ್ ಒಂದಕ್ಕೆ 30, ಎರಡಕ್ಕೆ 50 ಸೆಕೆಂಡ್. ಒಂದೊಂದಾಗಿ ಮಾಡಿದರೆ ಜಾಬಿಗೆ 44 ಸೆಕೆಂಡ್, ಜೋಡಿಯಾಗಿ 36. ಉಳಿಯುವುದು 8 ಸೆಕೆಂಡ್, 200 ಜಾಬ್‌ಗೆ ಒಂದು ಬದಿಗೆ ಹೆಚ್ಚುಕಡಿಮೆ 27 ನಿಮಿಷ. ಅಷ್ಟಕ್ಕಾಗಿ ಎರಡು ತುಂಡು ಹಿಡಿಯಲಾಗುತ್ತಿತ್ತು. ಎಷ್ಟೋ ಶಾಪ್‌ಗಳಿಗೆ ಸರಿಯಾದ ಉತ್ತರ ಇಲ್ಲೇ ಇದೆ: ಒಂದೇ ಹಿಡಿಯಿರಿ. ಜಾಬ್ ನಡುವೆ ಹಿಡಿಯಲಾಗದೆ ಜಾದ ಒಂದು ತುದಿಗೆ ಹಿಡಿಯಲೇಬೇಕಾದರೆ ಇನ್ನೊಂದು ತುದಿಯಲ್ಲಿ ಅದೇ ಅಗಲದ ತುಂಡು ಇಡಬೇಕು. ವ್ಯತ್ಯಾಸ 0.05 ಮಿ.ಮೀ. ಮೀರಬಾರದು, ಇಲ್ಲವಾದರೆ ಇದೇ ಕಥೆ.

ಆರ್ಡರ್ ಪ್ರತಿ ತಿಂಗಳೂ ಬರುವುದರಿಂದ ಶಾಪ್‌ನವರು ಜೋಡಿ ಹಿಡಿಯುವ ಸರಿಯಾದ ದಾರಿ ಹುಡುಕಿದರು. ನಡುವೆ ಸ್ಥಿರ ಜಾ, ಎರಡೂ ಕಡೆ ಚಲಿಸುವ ಜಾ ಇರುವ ಡಬಲ್ ಸ್ಟೇಷನ್ ವೈಸ್ ಒಂದು ದಾರಿ, ಅದು ತುಟ್ಟಿ. ತಮ್ಮಲ್ಲೇ ಮಾಡಬಹುದಾದದ್ದು ತಕ್ಕಡಿಯ ದಂಡಿಯಂತೆ ನಡುವಿನ ಪಿನ್ ಮೇಲೆ ತೂಗುವ ಜಾ ಪ್ಲೇಟ್. 150×45×25ರ ಇಎನ್-24 ಉಕ್ಕಿನ ಪ್ಲೇಟ್, ಬೆನ್ನಿನ ನಟ್ಟನಡುವೆ ನೆಟ್ಟಗೆ ಅರ್ಧವೃತ್ತದ ತೋಡು (ಗ್ರೂವ್), ಅದರಲ್ಲಿ 20 ಮಿ.ಮೀ. ಗ್ರೈಂಡ್ ಮಾಡಿದ ಪಿನ್. ಪ್ಲೇಟ್‌ಗೂ ಅದರ ಬೆನ್ನಿಗಿರುವ ಚಲಿಸುವ ಜಾಗೂ ನಡುವೆ ಎರಡೂ ಕಡೆ 0.8 ಮಿ.ಮೀ. ಸಂದು. ಬೀಳದಂತೆ ಎರಡು ಎಂ8 ಬೋಲ್ಟ್, ಸ್ಪ್ರಿಂಗ್ ವಾಷರ್ ಸಹಿತ, ಪೂರ್ತಿ ಬಿಗಿಯದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೊಸ ಅಪಘಾತಕ್ಕೆ ದಾರಿಯಾಗುತ್ತಿತ್ತು. ಮುಖ ಸಪಾಟಾದ ಪ್ಲೇಟ್ ಓರೆಯಾದಾಗ ತುಂಡುಗಳನ್ನು ಅವುಗಳ ನಡುವಿನಲ್ಲಿ ಒತ್ತುವುದಿಲ್ಲ, ಮೂಲೆಗಳಲ್ಲಿ ಒತ್ತುತ್ತದೆ. ಈ ಅಳತೆಯಲ್ಲಿ ದೊಡ್ಡ ತುಂಡನ್ನು ಪಿನ್‌ನಿಂದ 7.5 ಮಿ.ಮೀ. ದೂರದ ಒಳಮೂಲೆಯಲ್ಲಿ, ಸಣ್ಣದನ್ನು 67.5 ಮಿ.ಮೀ. ದೂರದ ಹೊರಮೂಲೆಯಲ್ಲಿ. ದಂಡಿಯ ನಿಯಮದಂತೆ ಬಲ 9ಕ್ಕೆ 1ರಂತೆ ಹಂಚಿಹೋಗುತ್ತದೆ. ತೂಗುವ ಜಾ ಇದೆ ಎಂಬ ಧೈರ್ಯ ಬೇರೆ. ಆದ್ದರಿಂದ ಪ್ಲೇಟ್ ಮುಖದಲ್ಲಿ ಪಿನ್‌ನಿಂದ ಎರಡೂ ಕಡೆ 37.5 ಮಿ.ಮೀ. ದೂರಕ್ಕೆ ನೆಟ್ಟಗೆ ಒಂದೊಂದು ಉಬ್ಬು, 12 ಮಿ.ಮೀ. ಡಾವೆಲ್ ಪಿನ್‌ನ (ಗಟ್ಟಿ ಉಕ್ಕಿನ ದುಂಡು ಗೂಟ) ಅರ್ಧ ಹೊರಗಿರುವಂತೆ, ಕೂಡಿಸಬೇಕು. ಆಗ ಪ್ರತಿ ತುಂಡಿಗೂ ಒತ್ತು ನಡುವಿಗೇ ಬೀಳುತ್ತದೆ, ದೂರ ಸಮ, ಬಲ ಸಮ. ತುಂಡಿನ ಇನ್ನೊಂದು ಮೈ ಸ್ಥಿರ ಜಾಗೆ ಪೂರ್ತಿ ಆನಿರುತ್ತದೆ. ಉಬ್ಬಿನ ಗೆರೆ ಕಚ್ಚಾ ಮೈಯಲ್ಲಿ ಬೀಳುತ್ತದೆ, ಆ ಮೈ ಮುಂದೆ ಮಿಲ್ ಆಗುವುದರಿಂದ ಚಿಂತೆಯಿಲ್ಲ. ಫಿನಿಷ್ ಆದ ಮೈಗೆ ಈ ಜಾ ಬಳಸುವಂತಿಲ್ಲ.

ಈ ಜಾಗೆ ಮಿತಿಗಳಿವೆ. ತುಂಡುಗಳ ಅಗಲದಲ್ಲಿ 0.8ಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಹಿಂದಿನ ಸಂದು ಮುಚ್ಚಿ ಪ್ಲೇಟ್ ನಿಂತುಬಿಡುತ್ತದೆ. ಶಾಪ್‌ನವರು 0.6ಕ್ಕೆ ಗೆರೆ ಎಳೆದಿದ್ದಾರೆ. ತುಂಡು ಜಾಗ ತಪ್ಪಿ ಕೂತರೆ ಉಬ್ಬಿನ ಒತ್ತು ಅದರ ನಡುವಿಗೆ ಬೀಳುವುದಿಲ್ಲ, ಆದ್ದರಿಂದ ಎರಡೂ ಹೊರತುದಿಗೆ ಸ್ಟಾಪರ್ ಬೇಕು. ಈ ಜಾದಲ್ಲಿ ಒಂದೇ ತುಂಡು ಹಿಡಿಯುವಂತಿಲ್ಲ, ಬ್ಯಾಚ್ ಕೊನೆಯಲ್ಲಿ ಒಂದು ಉಳಿದರೆ ಪಕ್ಕಕ್ಕೆ ಮುಗಿದ ತುಂಡೊಂದನ್ನು ಜೊತೆ ಕೂರಿಸಬೇಕು. ಸಂದಿಗೆ ಚಿಪ್ ಹೊಕ್ಕರೆ ಪ್ಲೇಟ್ ಜಾಮ್ ಆಗುವುದರಿಂದ ಅದನ್ನು ಮೆದು ಸಿಲಿಕೋನ್‌ನಿಂದ ತುಂಬಿದ್ದಾರೆ.

ಉದ್ದನೆಯ ಪ್ಯಾರಲಲ್ ಹೋಗಿ ಪ್ರತಿ ತುಂಡಿಗೆ ಬೇರೆ ಜೊತೆ ಬಂತು, 55 ಮಿ.ಮೀ. ಉದ್ದದ್ದು, ನಾಲ್ಕೂ ಒಟ್ಟಿಗೆ ಗ್ರೈಂಡ್ ಮಾಡಿದ್ದು. ನಾಲ್ಕನ್ನೂ ಒಂದೊಂದಾಗಿ ಬೆರಳಿನಿಂದ ತಳ್ಳಿ ನೋಡಬೇಕು. ಒಂದು ಅಲುಗಿದರೂ ಬಿಚ್ಚಿ, ಒರೆಸಿ, ಮತ್ತೆ ಕಟ್ಟಬೇಕು. ಅಲುಗಿದ ತುಂಡನ್ನು ಇನ್ನಷ್ಟು ಬಿಗಿ ಮಾಡಿ ಸರಿಪಡಿಸಲು ಹೋದರೆ ಚಲಿಸುವ ಜಾ ಅದನ್ನು ಮತ್ತಷ್ಟು ಮೇಲೆತ್ತುತ್ತದೆ. ಸಾಮಾನ್ಯ ವೈಸ್‌ನಲ್ಲಿ ಕ್ರಮ ಹೀಗೆ: ಬಿಗಿ, ಆಮೇಲೆ ಸುತ್ತಿಗೆ, ಆಮೇಲೆ ಪ್ಯಾರಲಲ್ ಪರೀಕ್ಷೆ. ಸುತ್ತಿಗೆ ಆದ ಮೇಲೆ ಹ್ಯಾಂಡಲ್ ಮುಟ್ಟುವಂತಿಲ್ಲ.

ಬರ್ ತೆಗೆಯುವ ಕೆಲಸವನ್ನು ಬ್ಯಾಂಡ್‌ಸಾ ಬಳಿಗೇ ಒಯ್ದರು. ಕೊಯ್ದ ಕೂಡಲೇ ಬೆಲ್ಟ್ ಗ್ರೈಂಡರ್‌ಗೆ ಅಂಚು ಹಿಡಿದು, ಬರ್ ಹೋದ ತುಂಡು ಮಾತ್ರ ಟ್ರೇಗೆ. ಟ್ರೇ ಪಟ್ಟಿಗೊಂದು. ಪ್ರತಿ ಪಟ್ಟಿಯ ತುದಿಗೆ ಬೇರೆ ಬಣ್ಣದ ಪೇಂಟ್, ಟ್ರೇಗೂ ಅದೇ ಬಣ್ಣ. ಕೊಯ್ಯುವಾತ ಪಟ್ಟಿ ಬದಲಿಸಿದಾಗ ಎರಡು ಕಡೆ ವರ್ನಿಯರ್ ಇಟ್ಟು ಅಗಲವನ್ನು ಟ್ರೇ ಚೀಟಿಯ ಮೇಲೆ ಬರೆಯುತ್ತಾನೆ. ಅಂದು ಬಾಯಿಮಾತಿನಲ್ಲಿ ಹೋಗಿ ಪಾಳಿ ಬದಲಾದಾಗ ನಿಂತುಹೋದ ಸುದ್ದಿ ಈಗ ಮಾಲಿನ ಜೊತೆಗೇ ಮೆಷಿನ್‌ಗೆ ಬರುತ್ತದೆ.

ಮೆಷಿನ್ ಮೇಲೆ ಅಂಟಿಸಿದ್ದ ಕಾರ್ಡ್ ಇಂಗ್ಲಿಷ್‌ನಲ್ಲಿತ್ತು, ಜಾಬನ್ನು ಭದ್ರವಾಗಿ ಹಿಡಿಯಿರಿ ಎಂಬುದು ಅದರ ಸಾರ. ಆ ಸೂಚನೆಯನ್ನು ಆಪರೇಟರ್ ಪಾಲಿಸಿದ್ದ, ಆದರೂ ಬೆರಳು ಮುರಿಯಿತು. ಹೊಸ ಕಾರ್ಡ್ ಕನ್ನಡ, ಮರಾಠಿ, ಹಿಂದಿಯಲ್ಲಿದೆ, ಅದರಲ್ಲಿ ಇರುವುದು ಅಳೆಯಬಹುದಾದ ಮಾತುಗಳು ಮಾತ್ರ: ಟಾರ್ಕ್ 80, ಪೈಪ್ ಇಲ್ಲ. ಜೋಡಿ ತುಂಡು ಒಂದೇ ಬಣ್ಣದ ಟ್ರೇಯಿಂದ. ನಾಲ್ಕು ಪ್ಯಾರಲಲ್ ನಾಲ್ಕೂ ಗಟ್ಟಿ. ಪಟ್ಟಿ ಬದಲಾದ ಮೊದಲ ಲೋಡಿಂಗ್‌ನಲ್ಲಿ ಸ್ಥಿರ ಜಾ ಪಕ್ಕ ಎರಡೂ ತುಂಡಿಗೆ 0.05 ಫೀಲರ್, ಒಳಹೋಗಬಾರದು. ಬಾಗಿಲು ಮುಚ್ಚಿದ ಮೇಲೆ ಸ್ಟಾರ್ಟ್.

ವೈಸ್‌ನ ನಿಗಾಕ್ಕೆ ಪಾಳಿ ಕೊನೆಯಲ್ಲಿ ಜಾ ಪೂರ್ತಿ ತೆರೆದು ಬ್ರಷ್‌ನಿಂದ ಚಿಪ್ ತೆಗೆಯುತ್ತಾರೆ. ಏರ್‌ಗನ್ ಬಳಸುವುದಿಲ್ಲ, ಅದು ಚಿಪ್ಪನ್ನು ನಟ್‌ನೊಳಗೇ ನುಗ್ಗಿಸುತ್ತದೆ. ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಮೊದಲ ಜಾಬ್ ಕಟ್ಟುವ ಮುನ್ನ, ಡಯಲ್ ಪರೀಕ್ಷೆ: 80 ಟಾರ್ಕ್‌ಗೆ ಸ್ಥಿರ ಜಾ 0.025ಕ್ಕಿಂತ ಕಡಿಮೆ ಬಾಗಿದರೆ ಸ್ಕ್ರೂ ಬಿಚ್ಚಿ ತೊಳೆದು ಗ್ರೀಸ್. ಪ್ಲೇಟ್‌ನ ಎರಡೂ ಉಬ್ಬು ಸವೆದು ಸಪಾಟಾಗಿದೆಯೇ ಎಂದು ಅದೇ ಹೊತ್ತಿಗೆ ನೋಡಿ, ಮೂರು ಮಿಲಿಮೀಟರ್ ಅಗಲದ ಚಪ್ಪಟೆ ಕಂಡರೆ ಡಾವೆಲ್ ತಿರುಗಿಸಿ ಕೂಡಿಸುತ್ತಾರೆ, ಎರಡನೇ ಸಲಕ್ಕೆ ಹೊಸದು ಹಾಕುತ್ತಾರೆ.